ದಂಡವಿಲ್ಲದ ಚಕ್ರ

ಭಾರತೀಯ ದರ್ಶನಗಳು ತಮ್ಮ ವಾದಗಳಿಗೆ ದೃಷ್ಟಾಂತ ಬೇಕಾದಾಗಲೆಲ್ಲ ಮತ್ತೆ ಮತ್ತೆ ಹೊಕ್ಕ ಮನೆ ಕುಂಬಾರನದು. ಮಣ್ಣಿಗೂ ಮಡಕೆಗೂ ಇರುವ ಸಂಬಂಧವನ್ನು ಹಿಡಿದು ಬ್ರಹ್ಮಕ್ಕೂ ಜಗತ್ತಿಗೂ ಇರುವ ಸಂಬಂಧವನ್ನು ವಿಚಾರಿಸಿದವರು ವೇದಾಂತಿಗಳು. ಮಡಕೆಗೆ ಕರ್ತೃವಿರುವಂತೆ ಜಗತ್ತಿಗೂ ಒಬ್ಬ ಕರ್ತೃವಿರಬೇಕೆಂದು ಅನುಮಾನಿಸಿದವರು ನೈಯಾಯಿಕರು. ಕೋಲನ್ನು ತೆಗೆದ ಮೇಲೂ ತಿರುಗುತ್ತಲೇ ಇರುವ ಚಕ್ರವನ್ನು ತೋರಿಸಿ, ಜ್ಞಾನ ಬಂದ ಕ್ಷಣದಲ್ಲೇ ಜ್ಞಾನಿಯ ದೇಹವೇಕೆ ಬೀಳುವುದಿಲ್ಲವೆಂಬುದನ್ನು ವಿವರಿಸಿದವರು ಸಾಂಖ್ಯರು ಮತ್ತು ಅದ್ವೈತಿಗಳು. ಇವರೆಲ್ಲರ ಕಣ್ಣ ಮುಂದಿದ್ದುದು ಮಾತ್ರ ಒಂದೇ ಬಗೆಯ ಚಕ್ರ, ಅಂದರೆ ಕನ್ನಡದ ಕುಂಬಾರರು ತಿಗುರಿಯೆಂದು ಕರೆಯುವ, ಕೋಲಿನಿಂದ ತಿರುವಿ ಬಿಡುವ ಚಕ್ರ. ಇಂದು ಕುಂಬಾರಿಕೆಯ ಸ್ಟುಡಿಯೊ ತೆರೆಯಲು ಹೊರಟವರು ಅದರ ಜೊತೆಗೆ ಕಾಲಿನಿಂದ ಒದೆಯುವ ಚಕ್ರವನ್ನೂ ವಿದ್ಯುತ್ತಿನಿಂದ ನಡೆಯುವ ಚಕ್ರವನ್ನೂ ಎದುರಿಗಿಟ್ಟುಕೊಂಡು ಯಾವುದನ್ನು ಕೊಳ್ಳುವುದೆಂದು ಯೋಚಿಸುತ್ತಾರೆ. ಬೆಲೆ, ಜಾಗ, ಸದ್ದು, ಬೆನ್ನುನೋವು ಇವು ಆ ಯೋಚನೆಯಲ್ಲಿ ಮೊದಲು ಬರುವ ಸಂಗತಿಗಳು, ಬರಬೇಕಾದವೂ ಹೌದು. ಆದರೆ ಸಾಧನ ಬದಲಾದಾಗ ಕಾರ್ಯವೂ ಬದಲಾಗುತ್ತದೆಯೇ, ಮಾಡುವವನ ಕರ್ತೃತ್ವವು ಮಾಡುವ ಕಾಲದುದ್ದಕ್ಕೂ ಜಾಗೃತವಾಗಿಯೇ ಇರಬೇಕೇ ಎಂಬ ಎರಡು ಹಳೆಯ ಪ್ರಶ್ನೆಗಳು ಆ ಆಯ್ಕೆಯೊಳಗೇ ಅಡಗಿವೆ, ಮತ್ತು ಅವುಗಳಿಗೆ ಶಾಸ್ತ್ರಕಾರರು ಕೊಟ್ಟ ಉತ್ತರಗಳು ಅವರು ಕಾಣದ ಯಂತ್ರದ ಮುಂದೆ ನಿಂತಾಗಲೇ ಹೆಚ್ಚು ಸ್ಪಷ್ಟವಾಗುತ್ತವೆ.

ಮೂರು ಚಕ್ರಗಳ ರಚನೆಯನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ತಿಗುರಿಯೆಂದರೆ ನೆಲದಲ್ಲಿ ಭದ್ರವಾಗಿ ಹೂತ ಗೂಟದ ಮೊನೆಯ ಮೇಲೆ ಕುಳಿತು ತಿರುಗುವ, ಮರದಿಂದಲೋ ಕಲ್ಲಿನಿಂದಲೋ ಅಥವಾ ಮರದ ಅರಗಳ ಸುತ್ತ ನಾರು ಬೆರೆಸಿದ ಮಣ್ಣನ್ನು ಮೆತ್ತಿಯೋ ಮಾಡಿದ ಅಗಲವಾದ ಚಕ್ರ. ಅದರ ಅಂಚಿನ ಹತ್ತಿರದ ಕುಳಿಯಲ್ಲಿ ಕೋಲಿನ ತುದಿಯನ್ನೂರಿ ಕುಂಬಾರನು ಕೆಲವು ಸುತ್ತು ಬಲವಾಗಿ ತಿರುವಿ, ಕೋಲನ್ನು ಬದಿಗಿಟ್ಟು, ಆ ಬಳಿಕವೇ ಎರಡೂ ಕೈಗಳನ್ನು ಮಣ್ಣಿಗೆ ಕೊಡುತ್ತಾನೆ. ತಿರುಗುವ ವಸ್ತುವಿನ ಜಡತ್ವವು ಅದರ ಭಾರದ ಜೊತೆಗೆ ಆ ಭಾರವು ನಡುವಿನಿಂದ ಎಷ್ಟು ದೂರದಲ್ಲಿದೆಯೆಂಬುದರ ವರ್ಗವನ್ನೂ ಅನುಸರಿಸುವುದರಿಂದ, ತೂಕವನ್ನು ಅಂಚಿಗೆ ತಳ್ಳಿದ ದೊಡ್ಡ ತಿಗುರಿಯು ಒಮ್ಮೆ ಪಡೆದ ವೇಗವನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಒದೆಚಕ್ರದಲ್ಲಿ ಮೇಲಿನ ಸಣ್ಣ ಫಲಕವನ್ನು ಕೆಳಗಿನ ಭಾರವಾದ ಫ್ಲೈವೀಲ್‌ಗೆ ಉದ್ದನೆಯ ಅಚ್ಚಿನಿಂದ ಜೋಡಿಸಿರುತ್ತಾರೆ. ಕುಳಿತವನು ಕಾಲಿನಿಂದ ಆಗಾಗ ಒದೆಯುತ್ತ ವೇಗವನ್ನು ಕಾಯ್ದುಕೊಳ್ಳುತ್ತಾನೆ. ವಿದ್ಯುತ್ ಚಕ್ರದಲ್ಲಿ ಮೋಟಾರು ತಿರುಗಿಸುತ್ತದೆ, ಕಾಲಡಿಯ ಪೆಡಲ್ ಒತ್ತಿದಷ್ಟು ವೇಗ, ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 250 ಸುತ್ತಿನವರೆಗೆ, ಬರುತ್ತದೆ. ಪಾದವನ್ನು ಸಡಿಲಿಸಿದರೆ ತುಸು ಹೊತ್ತಿನಲ್ಲೇ ಅದು ನಿಲ್ಲುತ್ತದೆ.

ಚಕ್ರದ ಆಯ್ಕೆಗೆ ಧಾರ್ಮಿಕ ಅರ್ಥ ಅಂಟಿಕೊಂಡದ್ದು ಇತ್ತೀಚಿನ ಸಂಗತಿಯಲ್ಲ. ಕೃಷ್ಣ ಯಜುರ್ವೇದಕ್ಕೆ ಸೇರಿದ ಮೈತ್ರಾಯಣೀ ಸಂಹಿತೆಯು ಅಗ್ನಿಹೋತ್ರದ ಹಾಲನ್ನು ಕಾಯಿಸುವ ಸ್ಥಾಲಿಯು ಚಕ್ರದ ಮೇಲೆ ಹುಟ್ಟಿದ್ದಾಗಿರಬಾರದೆಂದು ವಿಧಿಸುತ್ತದೆ; ಕುಂಬಾರನು ಚಕ್ರದಿಂದ ಮಾಡಿದ ಪಾತ್ರೆಯನ್ನು ಅಸುರರಿಗೆ ಸೇರಿದ್ದೆಂದೂ ಚಕ್ರವಿಲ್ಲದೆ ಕೈಯಿಂದ ಮಾಡಿದ್ದನ್ನು ದೇವತೆಗಳಿಗೆ ಸೇರಿದ್ದೆಂದೂ ಅದು ಎಣಿಸುತ್ತದೆ. ಸೋಮಯಾಗದ ಅಂಗವಾದ ಪ್ರವರ್ಗ್ಯದಲ್ಲಿ ಹಾಲು ಉಕ್ಕಿಸುವ ಮಹಾವೀರವೆಂಬ ಮಣ್ಣಿನ ಪಾತ್ರೆಯನ್ನೂ ಋತ್ವಿಜರು ಕೈಯಿಂದಲೇ ಮಾಡಬೇಕು. ಚಕ್ರವು ಆ ಕಾಲಕ್ಕೆ ಬಳಕೆಯಲ್ಲಿತ್ತೆಂಬುದನ್ನು ಈ ನಿಷೇಧವೇ ಸೂಚಿಸುತ್ತದೆ, ಏಕೆಂದರೆ ಇಲ್ಲದ ವಸ್ತುವನ್ನು ಯಾರೂ ನಿಷೇಧಿಸುವುದಿಲ್ಲ. ಯಜ್ಞಶಾಲೆಯು ಹೊರಗಿನ ಲೋಕವು ಬಿಟ್ಟುಕೊಟ್ಟ ಹಳೆಯ ತಂತ್ರವನ್ನು ಹಿಡಿದುಕೊಂಡು ಅದಕ್ಕೆ ಪಾವಿತ್ರ್ಯವನ್ನು ಆರೋಪಿಸಿತೆಂದು ತಿಳಿಯುವುದೇ ಸರಳವಾದ ವಿವರಣೆ. ಇದಕ್ಕೆ ಪೂರ್ತಿ ತಿರುಗುಮುರುಗಾದ ಭಾವನೆಯು ಕುಂಬಾರರ ಸಮುದಾಯಗಳಲ್ಲೇ ಬೆಳೆಯಿತು. ಅಲ್ಲಿ ಚಕ್ರವೇ ಪೂಜ್ಯ. ಉತ್ತರ ಭಾರತದ ಹಲವೆಡೆ ಮದುವೆಯ ವಿಧಿಗಳಲ್ಲಿ ಕುಂಬಾರನ ಚಕ್ರಕ್ಕೆ ಪೂಜೆ ಸಲ್ಲುತ್ತದೆ, ಮತ್ತು ದೇಶದ ಅನೇಕ ಕುಂಬಾರ ಸಮುದಾಯಗಳಲ್ಲಿ ಹೆಂಗಸರು ಮಣ್ಣು ತುಳಿಯಬಹುದು, ತಟ್ಟಬಹುದು, ಬಣ್ಣ ಬಳಿಯಬಹುದು, ಆದರೆ ಚಕ್ರದ ಮುಂದೆ ಕೂರುವಂತಿಲ್ಲವೆಂಬ ಕಟ್ಟುಪಾಡು ಇತ್ತು. ಒಂದು ಕಡೆ ಚಕ್ರವು ಯಜ್ಞಕ್ಕೆ ಅನರ್ಹ, ಇನ್ನೊಂದು ಕಡೆ ಅದನ್ನು ಮುಟ್ಟಲು ಹೆಣ್ಣು ಅನರ್ಹಳು. ಎರಡೂ ಕಡೆ ವಿಧಿಯುಂಟು, ಯುಕ್ತಿಯಿಲ್ಲ; ಯುಕ್ತಿ ಬೇಕಾದವರು ನ್ಯಾಯಶಾಸ್ತ್ರಕ್ಕೆ ಬರಬೇಕು.

ನ್ಯಾಯ ಮತ್ತು ವೈಶೇಷಿಕ ದರ್ಶನಗಳ ಪ್ರಕಾರ ಯಾವುದೇ ಭಾವಕಾರ್ಯಕ್ಕೆ ಮೂರು ಬಗೆಯ ಕಾರಣಗಳಿರುತ್ತವೆ. ಕಾರ್ಯವು ಯಾವುದರಲ್ಲಿ ಬಿಡಿಸಲಾಗದಂತೆ ಸೇರಿಕೊಂಡು ಹುಟ್ಟುತ್ತದೆಯೋ ಅದು ಸಮವಾಯಿಕಾರಣ. ಆ ಸಮವಾಯಿಕಾರಣದಲ್ಲಿದ್ದುಕೊಂಡು ಕಾರ್ಯವನ್ನು ಹುಟ್ಟಿಸುವ ಸಂಯೋಗಾದಿ ಗುಣವು ಅಸಮವಾಯಿಕಾರಣ. ಇವೆರಡರಿಂದ ಬೇರೆಯಾದದ್ದು ನಿಮಿತ್ತಕಾರಣ. ಮಡಕೆಗೆ ಕಪಾಲಗಳು, ಅಂದರೆ ಮಡಕೆಯ ಎರಡು ಹೋಳುಗಳು, ಸಮವಾಯಿಕಾರಣವೆಂದೂ ಅವುಗಳ ಸಂಯೋಗವು ಅಸಮವಾಯಿಕಾರಣವೆಂದೂ ಕುಂಬಾರ, ದಂಡ, ಚಕ್ರ ಮುಂತಾದವು ನಿಮಿತ್ತಕಾರಣಗಳೆಂದೂ ಗ್ರಂಥಗಳು ಹೇಳುತ್ತವೆ. ಎರಡು ಹೋಳುಗಳನ್ನು ಜೋಡಿಸಿ ಮಡಕೆ ಮಾಡುವ ಕುಂಬಾರನನ್ನು ಇವರು ಎಲ್ಲಿ ಕಂಡರೋ ತಿಳಿಯದು. ತಿಗುರಿಯ ಮೇಲೆ ಮಡಕೆಯು ಒಂದೇ ಮುದ್ದೆಯಿಂದ ಏಳುತ್ತದೆ, ಮತ್ತು ದಕ್ಷಿಣ ಭಾರತದ ನೀರಿನ ಗಡಿಗೆಯಂಥ ದುಂಡು ಪಾತ್ರೆಗಳಿಗೆ ತಿಗುರಿಯು ಕೊಡುವುದು ಬಾಯಿ, ಕುತ್ತಿಗೆ ಮತ್ತು ದಪ್ಪನೆಯ ಗೋಡೆ ಮಾತ್ರ, ಉಳಿದ ದುಂಡುತನವೆಲ್ಲ ಒಳಗೆ ಕಲ್ಲು ಹಿಡಿದು ಹೊರಗೆ ಮರದ ಹಲಗೆಯಿಂದ ತಟ್ಟಿ ತಟ್ಟಿ ಬರುವಂಥದು. ನೈಯಾಯಿಕರ ಕಾರಣಪಟ್ಟಿಯಲ್ಲಿ ಆ ತಟ್ಟುವಿಕೆಗೆ ಹೆಸರುವಾಸಿಯಾದ ಸ್ಥಾನ ದೊರೆಯಲಿಲ್ಲ, ಅದು ದೊರೆತದ್ದು ಭಕ್ತಿಯ ಕಾವ್ಯದಲ್ಲಿ. ಹರಿಹರನು ರಗಳೆಯೊಂದರಲ್ಲಿ ಹಾಡಿದ ಶಿವಭಕ್ತ ಕುಂಬಾರ ಗುಂಡಯ್ಯನು ಶಿವನನ್ನು ಕುಣಿಸಿದ್ದು ಮಡಕೆಯನ್ನು ಬಡಿದ ಲಯದಿಂದಲೇ ಹೊರತು ಚಕ್ರದ ಸುತ್ತಿನಿಂದಲ್ಲ.

ದಂಡಕ್ಕೆ, ಅಂದರೆ ಚಕ್ರವನ್ನು ತಿರುವುವ ಕೋಲಿಗೆ, ನ್ಯಾಯಶಾಸ್ತ್ರದಲ್ಲಿ ದೊರೆತ ಪ್ರಾಧಾನ್ಯವು ವಿಚಾರಯೋಗ್ಯವಾದುದು. ಕಾರಣಗಳಲ್ಲಿ ಅಸಾಧಾರಣವಾದದ್ದನ್ನು, ತನ್ನದೊಂದು ವ್ಯಾಪಾರದ ಮೂಲಕ ಕಾರ್ಯವನ್ನು ಹುಟ್ಟಿಸುವಂಥದನ್ನು, ಕರಣವೆನ್ನುತ್ತಾರೆ; ಕರಣದಿಂದಲೇ ಹುಟ್ಟಿ ಕರಣದ ಕಾರ್ಯವನ್ನು ಹುಟ್ಟಿಸಿಕೊಡುವ ನಡುವಣ ಕ್ರಿಯೆಗೆ ವ್ಯಾಪಾರವೆಂದು ಹೆಸರು. ದಂಡವು ಕರಣವಾದರೆ ಚಕ್ರದ ತಿರುಗಾಟವು ಅದರ ವ್ಯಾಪಾರ. ಮಡಕೆ ಏಳುವ ಹೊತ್ತಿಗೆ ಕೋಲು ಗೋಡೆಗೊರಗಿ ನಿಂತಿರುತ್ತದೆ, ಆದರೂ ಅದು ಕಾರಣವೇ ಸರಿ, ಏಕೆಂದರೆ ವ್ಯಾಪಾರವು ನಡುವೆ ಬಂದಿತೆಂಬಷ್ಟಕ್ಕೆ ವ್ಯಾಪಾರವುಳ್ಳದ್ದರ ಕಾರಣತ್ವವು ಅಳಿಯುವುದಿಲ್ಲವೆಂಬುದು ನೈಯಾಯಿಕರ ನಿಯಮ. ಕಾರಣದಂತೆ ಕಂಡರೂ ಕಾರಣವಲ್ಲದವುಗಳನ್ನು ಅವರು ಅನ್ಯಥಾಸಿದ್ಧಗಳೆಂದು ಬೇರ್ಪಡಿಸುತ್ತಾರೆ. 17ನೆಯ ಶತಮಾನದ ವಿಶ್ವನಾಥ ಪಂಚಾನನನ ಭಾಷಾಪರಿಚ್ಛೇದವು ಇಂಥ ಐದನ್ನು ಎಣಿಸುತ್ತದೆ: ದಂಡತ್ವವೆಂಬ ಜಾತಿ, ದಂಡದ ಬಣ್ಣ, ಎಲ್ಲೆಡೆ ವ್ಯಾಪಿಸಿರುವ ಆಕಾಶ, ಕುಂಬಾರನ ತಂದೆ, ಮತ್ತು ಮಣ್ಣು ಹೊತ್ತು ತಂದ ಕತ್ತೆ. ಇವೆಲ್ಲ ಮಡಕೆಯ ಹಿಂದೆ ಇದ್ದರೂ ಮಡಕೆಗೆ ಕಾರಣಗಳಲ್ಲ. ತಂದೆಯು ಕುಂಬಾರನಿಗೆ ಕಾರಣನೇ ಹೊರತು ಮಡಕೆಗಲ್ಲ, ಕತ್ತೆಯು ಮಣ್ಣನ್ನು ತರದಿದ್ದರೆ ಗಾಡಿ ತರುತ್ತಿತ್ತು.

ವಿದ್ಯುತ್ ಚಕ್ರವನ್ನು ತಂದಿಟ್ಟ ದಿನ ಈ ವ್ಯವಸ್ಥೆಗೆ ಗಂಡಾಂತರ ಬರುತ್ತದೆ. ಕಾರಣವೆಂದರೆ ಕಾರ್ಯಕ್ಕೆ ಮುಂಚೆ ತಪ್ಪದೆ ಇರುವಂಥದು. ದಂಡವಿಲ್ಲದೆಯೂ ಮಡಕೆ ಹುಟ್ಟಿತೆಂದರೆ ನಿಯಮಕ್ಕೆ ವ್ಯಭಿಚಾರ, ಅಂದರೆ ಅಪವಾದ, ಬಂದಿತು, ಮತ್ತು ಶತಮಾನಗಳ ಕಾಲ ಕರಣಕ್ಕೆ ಮಾದರಿಯಾಗಿದ್ದ ದಂಡವು ಕತ್ತೆಯ ಸಾಲಿಗೆ ಸರಿಯಿತು. ನೈಯಾಯಿಕರು ಈ ಕಷ್ಟವನ್ನು ಬೇರೊಂದು ಉದಾಹರಣೆಯಲ್ಲಿ ಮೊದಲೇ ಎದುರಿಸಿದ್ದರು. ಬೆಂಕಿಯು ಒಣಹುಲ್ಲಿನಿಂದ ಹುಟ್ಟುತ್ತದೆ, ಅರಣಿಯೆಂಬ ಮರವನ್ನು ಕಡೆಯುವುದರಿಂದ ಹುಟ್ಟುತ್ತದೆ, ಸೂರ್ಯಕಾಂತಮಣಿಯಿಂದಲೂ ಹುಟ್ಟುತ್ತದೆ. ಮೂರರಲ್ಲಿ ಯಾವುದೊಂದೂ ತಪ್ಪದೆ ಇರುವುದಿಲ್ಲವಾದ್ದರಿಂದ ಯಾವುದನ್ನು ಬೆಂಕಿಗೆ ಕಾರಣವೆನ್ನಬೇಕು? ತೃಣಾರಣಿಮಣಿನ್ಯಾಯವೆಂದು ಪ್ರಸಿದ್ಧವಾದ ಈ ಚರ್ಚೆಯಲ್ಲಿ ಮೀಮಾಂಸಕರು ಮೂರರಲ್ಲೂ ಸಮಾನವಾಗಿ ನೆಲೆಸಿರುವ ಶಕ್ತಿಯೆಂಬ ಪ್ರತ್ಯೇಕ ಪದಾರ್ಥವನ್ನು ಒಪ್ಪಿ, ಆ ಶಕ್ತಿಯುಳ್ಳದ್ದು ಯಾವುದಾದರೂ ಬೆಂಕಿಗೆ ಕಾರಣವೆಂದರು. 10ನೆಯ ಶತಮಾನದ ಉದಯನಾಚಾರ್ಯನು ನ್ಯಾಯಕುಸುಮಾಂಜಲಿಯಲ್ಲಿ ಶಕ್ತಿಯನ್ನು ನಿರಾಕರಿಸಿ, ಭೇದವನ್ನು ಕಾರ್ಯದಲ್ಲೇ ಇಟ್ಟನು: ಹುಲ್ಲಿನ ಬೆಂಕಿ, ಅರಣಿಯ ಬೆಂಕಿ, ಮಣಿಯ ಬೆಂಕಿ ಇವು ಬೇರೆ ಬೇರೆ ಜಾತಿಯ ಬೆಂಕಿಗಳು, ಆದ್ದರಿಂದ ಒಂದೊಂದಕ್ಕೂ ಅದರದರ ಕಾರಣವು ತಪ್ಪದೆ ಇದ್ದೇ ಇರುತ್ತದೆ. ಕಾರ್ಯದಲ್ಲಿನ ಈ ಜಾತಿಭೇದಕ್ಕೆ ವೈಜಾತ್ಯವೆಂದು ಹೆಸರು.

ಚಕ್ರ ಕೊಳ್ಳುವವರ ಎದುರಿಗಿರುವುದು ತದ್ವತ್ತಾಗಿ ಇದೇ ವಿಕಲ್ಪ. ಮಣ್ಣನ್ನು ತಿರುಗಿಸಬಲ್ಲ ಶಕ್ತಿ ಕೋಲಿನಲ್ಲಿದ್ದರೇನು, ಕಾಲಿನಲ್ಲಿದ್ದರೇನು, ಮೋಟಾರಿನಲ್ಲಿದ್ದರೇನು, ಮಡಕೆ ಮಡಕೆಯೇ ಎನ್ನುವವರು ತಮಗೆ ತಿಳಿಯದೆಯೇ ಮೀಮಾಂಸಕರು. ಒಂದೊಂದು ಚಕ್ರದಿಂದ ಒಂದೊಂದು ಜಾತಿಯ ಮಡಕೆ ಹುಟ್ಟುತ್ತದೆಯೆನ್ನುವವರು ಉದಯನನ ಕಡೆಯವರು. ಕೈಯಿಂದ ತಿರುವಿದ ಚಕ್ರದ ಪಾತ್ರೆಗೆ ಹೆಚ್ಚು ಬೆಲೆ ಕೊಡುವ ಇಂದಿನ ಗ್ರಾಹಕನು ವೈಜಾತ್ಯಕ್ಕೇ ಹಣ ತೆರುತ್ತಾನೆ, ಆ ವೈಜಾತ್ಯವು ತನ್ನ ಕಣ್ಣಿಗೆ ಕಾಣುತ್ತದೆಯೋ ಇಲ್ಲವೋ ಎಂದು ಮಾತ್ರ ಅವನು ವಿಚಾರಿಸುವುದಿಲ್ಲ. ವಿಚಾರಿಸಿದರೆ ಭೇದವು ಸ್ವಲ್ಪಮಟ್ಟಿಗೆ ಕಂಡೇ ಕಾಣುತ್ತದೆ. ತಿಗುರಿಯ ವೇಗವು ಮೊದಲ ಕ್ಷಣದಿಂದಲೇ ಇಳಿಯುತ್ತ ಹೋಗುವುದರಿಂದ, ಬೆರಳು ಒಂದೇ ಹದದಲ್ಲಿ ಮೇಲೇರಿದರೂ ಗೋಡೆಯ ಮೇಲೆ ಅದು ಬಿಡುವ ಸುರುಳಿಗೆರೆಗಳ ನಡುವಣ ಅಂತರವು ಮೇಲೆ ಹೋದಂತೆ ಅಗಲವಾಗುತ್ತದೆ. ವಿದ್ಯುತ್ ಚಕ್ರದಲ್ಲಿ ವೇಗವು ಸ್ಥಿರವಾಗಿರುವುದರಿಂದ ಆ ಅಂತರವೂ ಸಮನಾಗಿರುತ್ತದೆ. ಇದಕ್ಕೆ ಮೀಮಾಂಸಕನ ಕಡೆಯವರು ಹೇಳಬಹುದಾದ ಉತ್ತರವೂ ಸಿದ್ಧವಾಗಿದೆ: ಪಳಗಿದ ಪಾದವು ಪೆಡಲನ್ನು ಮೆಲ್ಲಮೆಲ್ಲನೆ ಸಡಿಲಿಸುತ್ತ ಬಂದರೆ ವಿದ್ಯುತ್ ಚಕ್ರದ ಮೇಲೂ ಅದೇ ಸುರುಳಿ ಮೂಡುತ್ತದೆ, ಆಗ ಬಿಡಿ ಮಡಕೆಯನ್ನು ಕೈಯಲ್ಲಿ ಹಿಡಿದು ಯಾರೂ ಅದರ ಜಾತಿಯನ್ನು ಹೇಳಲಾರರು. ಇಲ್ಲಿ ವೈಜಾತ್ಯವಾದವನ್ನು ಪೂರ್ತಿಯಾಗಿ ಒಪ್ಪುವುದು ಕಷ್ಟ; ಬಿಡಿ ಮಡಕೆಯಲ್ಲಿ ಅದು ಅಳಿಸಿಹೋಗಬಲ್ಲದು. ನೂರು ಮಡಕೆಗಳ ಸಾಲಿನಲ್ಲಿ, ಒಂದು ವರ್ಷದ ಕೆಲಸದಲ್ಲಿ, ಒಂದು ಊರಿನ ರೂಢಿಯಲ್ಲಿ ಅದನ್ನು ಅಳಿಸಲು ಮಾತ್ರ ನಿರಂತರ ಪ್ರಯತ್ನ ಬೇಕು, ಮತ್ತು ಅಂಥ ಪ್ರಯತ್ನವನ್ನು ಯಾರೂ ಮಾಡುವುದಿಲ್ಲ. ಉದಯನನು ವ್ಯಕ್ತಿಗಳಲ್ಲಿ ಇಟ್ಟ ಭೇದವನ್ನು ಸಾಲುಗಳಲ್ಲಿ ಇಟ್ಟುಕೊಂಡರೆ ಅವನ ಮಾತು ಕಾರ್ಯಶಾಲೆಯ ಅನುಭವಕ್ಕೆ ಹೊಂದುತ್ತದೆ.

ಅನ್ಯಥಾಸಿದ್ಧದ ವಿಚಾರವೂ ಇಲ್ಲಿ ಹೊಸ ತಿರುವು ಪಡೆಯುತ್ತದೆ. ಕರ್ನಾಟಕದ ಸ್ಟುಡಿಯೊವೊಂದರ ಮೋಟಾರಿಗೆ ಬರುವ ವಿದ್ಯುತ್ತಿನಲ್ಲಿ ಶರಾವತಿಯ ಪಾಲೂ ಇದೆಯೆಂದಿಟ್ಟುಕೊಂಡರೆ, ಆ ನದಿಯು ಮಡಕೆಗೆ ಕಾರಣವೇ? ಕಾರಣದ ಕಾರಣವಾದ್ದರಿಂದ ಅದು ಕುಂಬಾರನ ತಂದೆಯ ಸ್ಥಾನದಲ್ಲಿದೆ, ಅನ್ಯಥಾಸಿದ್ಧವೆಂದು ಮೊದಲಿಗೆ ತೋರುತ್ತದೆ. ಆದರೆ ಕುಂಬಾರನ ತಂದೆ ಸತ್ತು ಎಷ್ಟು ವರ್ಷವಾಗಿದ್ದರೂ ಮಗನ ತಿಗುರಿ ನಿಲ್ಲುವುದಿಲ್ಲ, ಗೋಡೆ ಅರ್ಧ ಎದ್ದಿರುವಾಗ ಕರೆಂಟು ಹೋದರೆ ವಿದ್ಯುತ್ ಚಕ್ರ ನಿಲ್ಲುತ್ತದೆ. ಒಂದು ಇದ್ದರೆ ಇನ್ನೊಂದು ಇರುವುದು, ಇಲ್ಲದಿದ್ದರೆ ಇಲ್ಲವಾಗುವುದು ಎಂಬ ಅನ್ವಯ ವ್ಯತಿರೇಕಗಳಿಂದಲೇ ಕಾರಣವನ್ನು ಗುರುತಿಸುವುದಾದರೆ, ದೂರದ ಅಣೆಕಟ್ಟು ಕೋಲಿಗಿಂತ ಹತ್ತಿರದ ಕಾರಣವಾಗಿ ಕೂರುತ್ತದೆ. ಕೋಲಾದರೂ ತನ್ನ ಕೆಲಸ ಮುಗಿಸಿ ದೂರ ಸರಿಯುತ್ತಿತ್ತು, ವಿದ್ಯುತ್ತು ಕೊನೆಯ ಕ್ಷಣದವರೆಗೂ ಅಲ್ಲೇ ಇರಬೇಕು. ಎರಡು ಚಕ್ರಗಳ ನಿಜವಾದ ಭೇದವು ಕೈ ಮತ್ತು ಯಂತ್ರಗಳ ನಡುವೆ ಇಲ್ಲ. ಕೊಟ್ಟು ಹಿಂದೆ ಸರಿಯುವ ಕಾರಣಕ್ಕೂ ಕೊಡುತ್ತಲೇ ಇರಬೇಕಾದ ಕಾರಣಕ್ಕೂ ನಡುವೆ ಇದೆ. ಈ ಭೇದವನ್ನು ಮೋಕ್ಷದ ಪ್ರಶ್ನೆಗೆ ತಂದವರು ಸಾಂಖ್ಯರು.

ಸುಮಾರು 4ನೆಯ ಅಥವಾ 5ನೆಯ ಶತಮಾನದ ಈಶ್ವರಕೃಷ್ಣನ ಸಾಂಖ್ಯಕಾರಿಕೆಯ 67ನೆಯ ಕಾರಿಕೆಯು, ಸಮ್ಯಗ್ಜ್ಞಾನ ದೊರೆತ ಮೇಲೆ ಧರ್ಮಾಧರ್ಮಗಳು ಹೊಸದಾಗಿ ಫಲ ಕೊಡುವುದನ್ನು ನಿಲ್ಲಿಸಿದರೂ, ಹಿಂದಿನ ಸಂಸ್ಕಾರದ ಬಲದಿಂದ ಪುರುಷನು ಸ್ವಲ್ಪ ಕಾಲ ದೇಹಧಾರಿಯಾಗಿಯೇ ಉಳಿಯುತ್ತಾನೆಂದು ಹೇಳಿ, ಚಕ್ರದ ತಿರುಗಾಟವನ್ನು ದೃಷ್ಟಾಂತವಾಗಿ ಕೊಡುತ್ತದೆ. ವೈಶೇಷಿಕರು ಸಂಸ್ಕಾರವೆಂಬ ಗುಣವನ್ನು ವೇಗ, ಭಾವನೆ, ಸ್ಥಿತಿಸ್ಥಾಪಕ ಎಂದು ಮೂರಾಗಿ ವಿಂಗಡಿಸಿ, ಹಾರುವ ಬಾಣದ ವೇಗವನ್ನೂ ಮನಸ್ಸಿನಲ್ಲಿ ಉಳಿದ ಅನುಭವದ ಮುದ್ರೆಯನ್ನೂ ಒಂದೇ ಗುಣದ ಪ್ರಭೇದಗಳೆಂದು ಎಣಿಸುವುದರಿಂದ, ಈ ಹೋಲಿಕೆಯು ಆ ಕಾಲದ ಓದುಗನಿಗೆ ಅಲಂಕಾರವಾಗಿ ತೋರದೆ ಒಂದೇ ನಿಯಮದ ಎರಡು ನಿದರ್ಶನಗಳಾಗಿ ತೋರಿರಬೇಕು. ಶಂಕರಾಚಾರ್ಯರು ಬ್ರಹ್ಮಸೂತ್ರದ ನಾಲ್ಕನೆಯ ಅಧ್ಯಾಯದ ಭಾಷ್ಯದಲ್ಲಿ ಇದೇ ಕುಲಾಲಚಕ್ರವನ್ನು ಎತ್ತಿಕೊಳ್ಳುತ್ತಾರೆ. ಕೂಡಿಟ್ಟ ಕರ್ಮವಾದ ಸಂಚಿತವನ್ನು ಜ್ಞಾನವು ಸುಟ್ಟುಹಾಕಿದರೂ, ಈಗಾಗಲೇ ಫಲ ಕೊಡಲು ತೊಡಗಿ ಈ ದೇಹವನ್ನು ತಂದಿರುವ ಪ್ರಾರಬ್ಧವು ತನ್ನ ವೇಗ ತೀರುವವರೆಗೆ ಓಡಲೇಬೇಕು, ತಿರುವಿ ಬಿಟ್ಟ ಚಕ್ರವನ್ನು ನಡುವೆ ತಡೆಯುವವರಿಲ್ಲದಿದ್ದರೆ ಅದು ತಾನಾಗಿ ನಿಲ್ಲುವವರೆಗೆ ಕಾಯಬೇಕಾದಂತೆ, ಎಂಬುದು ಅವರ ಅಭಿಪ್ರಾಯ. ಬದುಕಿರುವಾಗಲೇ ಮುಕ್ತನಾದ ಜೀವನ್ಮುಕ್ತನ ಇರವಿಗೆ ತಿಗುರಿಯೇ ಆಧಾರವಾಯಿತು.

ಇದಕ್ಕೆ ರಾಮಾನುಜಾಚಾರ್ಯರ ಆಕ್ಷೇಪವು ಚಕ್ರದ ಆಯ್ಕೆಯ ದೃಷ್ಟಿಯಿಂದ ಬಹಳ ಸ್ವಾರಸ್ಯವುಳ್ಳದ್ದು. ಮೇಲುಕೋಟೆಯಲ್ಲಿ ಬಹುಕಾಲ ನೆಲೆಸಿದ್ದ ಈ ಆಚಾರ್ಯರು ಜೀವನ್ಮುಕ್ತಿಯನ್ನೇ ಒಪ್ಪುವುದಿಲ್ಲ. ತಮ್ಮ ಬ್ರಹ್ಮಸೂತ್ರಭಾಷ್ಯವಾದ ಶ್ರೀಭಾಷ್ಯದಲ್ಲಿ, ಶಂಕರರು ಚಕ್ರವನ್ನು ಎತ್ತಿಕೊಂಡ ಅದೇ ಸೂತ್ರಕ್ಕೆ ಬರೆಯುವಾಗ, ಪುಣ್ಯಪಾಪಗಳಿಂದ ಭಗವಂತನಿಗುಂಟಾಗುವ ಪ್ರೀತಿ ಮತ್ತು ಅಪ್ರೀತಿಗಳನ್ನು ಬಿಟ್ಟರೆ ದೇಹವು ಉಳಿಯುವುದಕ್ಕೆ ಕಾರಣವಾಗುವ ಸ್ವತಂತ್ರವಾದ ವೇಗಸಂಸ್ಕಾರವೊಂದು ಇದೆಯೆನ್ನಲು ಪ್ರಮಾಣವಿಲ್ಲವೆಂದು ಹೇಳುತ್ತಾರೆ. ಕಾರಣವು ಕೊಟ್ಟು ದೂರ ಸರಿದು, ಕೊಟ್ಟದ್ದು ಯಾರ ಇಚ್ಛೆಯೂ ಇಲ್ಲದೆ ತಾನೇ ಓಡುತ್ತಿರುತ್ತದೆಯೆಂಬ ಚಿತ್ರವು ಈಶ್ವರನ ಸಂಕಲ್ಪವನ್ನು ಪ್ರತಿಕ್ಷಣವೂ ಜಾಗೃತವೆಂದು ನಂಬುವ ಸಿದ್ಧಾಂತಕ್ಕೆ ಒಗ್ಗದು. ಶ್ರೀಭಾಷ್ಯಕಾರರಿಗೆ ಇಂದಿನ ವಿದ್ಯುತ್ ಚಕ್ರವನ್ನು ತೋರಿಸಿದ್ದರೆ ಅವರು ಅದರಲ್ಲಿ ತಮ್ಮ ಮತಕ್ಕೆ ಒಳ್ಳೆಯ ದೃಷ್ಟಾಂತವನ್ನು ಕಾಣುತ್ತಿದ್ದರು: ಪಾದವು ಒತ್ತಿದಷ್ಟು ಕಾಲ, ಒತ್ತಿದಷ್ಟೇ ವೇಗ; ಒತ್ತುವ ಸಂಕಲ್ಪ ಹಿಂದೆಗೆದರೆ ಉಳಿಯುವುದೇನೂ ಇಲ್ಲ. ಹೀಗೆ ಒಂದೊಂದು ಮತಕ್ಕೆ ಒಂದೊಂದು ಚಕ್ರವನ್ನು ಹಂಚುತ್ತ ಹೋಗಿ, ಉಳಿದ ಒದೆಚಕ್ರವನ್ನು ಉಡುಪಿಗೆ ಕಳುಹಿಸುವ ಆಸೆ ಹುಟ್ಟಬಹುದು. ಮಧ್ವಾಚಾರ್ಯರ ಆಸಕ್ತಿ ಇಲ್ಲಿ ಬೇರೆಯದು. ಭಗವಂತನು ಜಗತ್ತಿಗೆ ಕುಂಬಾರನಂತೆ ನಿಮಿತ್ತಕಾರಣನೇ ಹೊರತು ಮಣ್ಣಿನಂತೆ ಉಪಾದಾನಕಾರಣನಲ್ಲವೆಂಬುದು ಅವರಿಗೆ ಮುಖ್ಯ, ಚಕ್ರ ಯಾವುದಾದರೂ ಆ ಮಾತಿಗೆ ಬಾಧೆಯಿಲ್ಲ.

ನ್ಯಾಯಸೂತ್ರದ ಪ್ರಕಾರ ದೃಷ್ಟಾಂತವೆಂದರೆ ಸಾಮಾನ್ಯ ಜನರೂ ಪರೀಕ್ಷಕರೂ ಒಂದೇ ತೆರನಾಗಿ ಒಪ್ಪುವ ಸಂಗತಿ. ತಿಗುರಿಯು ಊರಿನಲ್ಲಿ ಇರುವಷ್ಟು ಕಾಲ ಪ್ರಾರಬ್ಧದ ಪಾಠಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅದು ಮರೆಯಾದಾಗ ದೃಷ್ಟಾಂತವನ್ನು ಅರ್ಥಮಾಡಿಸುವುದಕ್ಕೇ ಇನ್ನೊಂದು ದೃಷ್ಟಾಂತ ಬೇಕಾಗುತ್ತದೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು 2018ರಿಂದ ಕುಂಬಾರರಿಗೆ ವಿದ್ಯುತ್ ಚಕ್ರಗಳನ್ನು ಹಂಚುತ್ತ ಬಂದಿದೆ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಅದೇ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಇದೆ. ಇದನ್ನು ಪರಂಪರೆಯ ನಾಶವೆಂದು ಸ್ಟುಡಿಯೊದ ಬೆಚ್ಚನೆಯಲ್ಲಿ ಕುಳಿತು ಮರುಗುವುದು ಸುಲಭ. ಬಗ್ಗಿ ನಿಂತು ದಿನಕ್ಕೆ ಹತ್ತಾರು ಸಲ ಭಾರದ ಚಕ್ರವನ್ನು ತಿರುವಿ ಬೆನ್ನು, ಭುಜ ಸವೆಸಿಕೊಂಡವರಿಗೆ ವೇಗಸಂಸ್ಕಾರದ ದಾರ್ಶನಿಕ ಸೊಬಗನ್ನು ಬೋಧಿಸುವ ಅಧಿಕಾರ ಯಾರಿಗೂ ಇಲ್ಲ, ಮತ್ತು ತಿಗುರಿಗೆ ಅಂಟಿದ ಕಟ್ಟುಪಾಡು ಮೋಟಾರಿಗೆ ಅಷ್ಟಾಗಿ ಅಂಟದಿರುವುದರಿಂದ ಹೆಂಗಸರು ಚಕ್ರದ ಮುಂದೆ ಕೂರುವುದು ಸುಲಭವಾಗಿರುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸ್ಟುಡಿಯೊದವರ ಆಯ್ಕೆಯು ಹೊಟ್ಟೆಪಾಡಿನ ಒತ್ತಡವಿಲ್ಲದ ಆಯ್ಕೆಯಾದ್ದರಿಂದಲೇ ಅದಕ್ಕೆ ದಾರ್ಶನಿಕ ಪ್ರಶ್ನೆಯಾಗುವ ಬಿಡುವಿದೆ.

ಆ ಬಿಡುವನ್ನು ಜಪಾನಿನಲ್ಲಿ ಚೆನ್ನಾಗಿ ಬಳಸಿಕೊಂಡರು. ಜನಪದ ಕರಕುಶಲದ ಸೌಂದರ್ಯವನ್ನು ಎತ್ತಿಹಿಡಿದ ಮಿಂಗೆಯಿ ಚಳವಳಿಯ ಚಿಂತಕ ಯಾನಾಗಿ ಸೊಯೆತ್ಸು (1889–1961) ಬೌದ್ಧಧರ್ಮದ ಸುಖಾವತೀ ಪಂಥದಿಂದ ಜಿರಿಕಿ ಮತ್ತು ತಾರಿಕಿ, ಅಂದರೆ ಸ್ವಬಲ ಮತ್ತು ಪರಬಲ, ಎಂಬ ಕಲ್ಪನೆಗಳನ್ನು ತೆಗೆದುಕೊಂಡು, ಹೆಸರಿಲ್ಲದ ಕುಶಲಕರ್ಮಿಯ ಪಾತ್ರೆಯು ಚೆಲುವಾಗಿರುವುದು ಅವನ ಸ್ವಬಲದಿಂದಲ್ಲ, ಮಣ್ಣು, ಪರಂಪರೆ, ಎಡೆಬಿಡದ ಪುನರಾವರ್ತನೆ ಇವುಗಳ ರೂಪದಲ್ಲಿ ಕೆಲಸ ಮಾಡುವ ಪರಬಲದಿಂದ ಎಂದು ವಾದಿಸಿದನು. ಅವನ ಗೆಳೆಯನಾಗಿದ್ದ ಮಾಶಿಕೊ ಊರಿನ ಪ್ರಸಿದ್ಧ ಕುಂಬಾರ ಹಮಾದ ಶೋಜಿ (1894–1978) ಕೋಲಿನಿಂದ ತಿರುವುವ ಚಕ್ರವನ್ನೇ ಬಳಸುತ್ತಿದ್ದನು. ಉಳಿದ ವೇಗದಲ್ಲಿ ಮಣ್ಣು ತಾನೇ ಎದ್ದಂತೆ ಕಾಣುವುದನ್ನು ಪರಬಲದ ಕೃಪೆಯೆಂದು ವರ್ಣಿಸುವುದು ಆಕರ್ಷಕವಾದರೂ, ಅದ್ವೈತಿಯು ಇಲ್ಲಿ ಒಂದು ತಿದ್ದುಪಡಿ ಸೂಚಿಸಬಲ್ಲನು: ಆ ವೇಗವನ್ನು ಕೊಟ್ಟವನು ಪರನಲ್ಲ, ಸ್ವಲ್ಪ ಮುಂಚಿನ ತಾನೇ. ಪ್ರಾರಬ್ಧವೆಂದರೆ ಇತರರ ಅನುಗ್ರಹವಲ್ಲ, ತನ್ನದೇ ಹಿಂದಿನ ಕೃತ್ಯ ಈಗ ತನ್ನ ಹಿಡಿತಕ್ಕೆ ಸಿಗದೆ ಓಡುತ್ತಿರುವುದು. ತಿಗುರಿಯ ಮುಂದೆ ಕುಳಿತವನು ತಾನೇ ಕೊಟ್ಟದ್ದನ್ನು ಹಿಂಪಡೆಯಲಾರದೆ ಅದಕ್ಕೆ ಹೊಂದಿಕೊಂಡು ಕೆಲಸ ಮಾಡುತ್ತಾನೆ. ಮುದ್ದೆಯನ್ನು ನಡುವಿಗೆ ತರುವ ಕೆಲಸಕ್ಕೆ ಹೆಚ್ಚು ವೇಗ, ಬಾಯಿಯನ್ನು ತಿದ್ದುವ ಕೆಲಸಕ್ಕೆ ಕಡಿಮೆ ವೇಗ ಬೇಕಾದ್ದರಿಂದ ಇಳಿಯುವ ವೇಗವು ಕೆಲಸದ ಕ್ರಮವನ್ನೇ ಅನುಸರಿಸುತ್ತದೆ. ವಿದ್ಯುತ್ ಚಕ್ರದವನು ಪ್ರತಿಕ್ಷಣವೂ ಹೊಸದಾಗಿ ನಿರ್ಧರಿಸುವ ಕರ್ತೃ. ಕಲಿಯುವವರಿಗೆ ಇದು ನಿಸ್ಸಂದೇಹವಾಗಿ ಅನುಕೂಲ. ಕರ್ತೃತ್ವವನ್ನು ಸ್ವಲ್ಪ ಹೊತ್ತಾದರೂ ಕೆಳಗಿಡುವುದು ಹೇಗೆಂದು ತಿಳಿಯಬಯಸುವವರಿಗೆ ಅದು ಏನನ್ನೂ ಕಲಿಸದು.

ತಿಗುರಿಯ ವೇಗವು ಏಕೆ ತೀರುತ್ತದೆಯೆಂಬ ಪ್ರಶ್ನೆಯೊಂದನ್ನು ಭಾಷ್ಯಗಳು ಹೆಚ್ಚು ಬೆಳೆಸದೆ ಬಿಟ್ಟಿವೆ. ವೈಶೇಷಿಕರ ಪ್ರಕಾರ ವೇಗಕ್ಕೆ ವಿರೋಧಿಯಾದದ್ದು ಸ್ಪರ್ಶವುಳ್ಳ ದ್ರವ್ಯದೊಡನೆ ಆಗುವ ಸಂಯೋಗ, ಇಂದಿನ ಭಾಷೆಯಲ್ಲಿ ಘರ್ಷಣೆ. ಖಾಲಿ ತಿಗುರಿಗೆ ಗೂಟದ ಮೊನೆ ಮತ್ತು ಗಾಳಿ ಮಾತ್ರ ಅಡ್ಡ ಬರುವುದರಿಂದ ಅದು ಬಹಳ ಹೊತ್ತು ತಿರುಗುತ್ತದೆ, ಅಚ್ಚಿಗೆ ಬಾಲ್ ಬೇರಿಂಗ್ ಕೂರಿಸಿದರಂತೂ ಇನ್ನೂ ಹೆಚ್ಚು ಹೊತ್ತು. ಮುದ್ದೆಯನ್ನಿಟ್ಟು ಅಂಗೈಯಿಂದ ಒತ್ತಿದ ಕೂಡಲೇ ವೇಗ ಕುಗ್ಗುತ್ತದೆ. ಚಕ್ರವನ್ನು ನಿಲ್ಲಿಸುವ ಮುಖ್ಯ ತಡೆಯೆಂದರೆ ಮಡಕೆ ಮಾಡುವ ಕೈಯೇ. ಪ್ರಾರಬ್ಧವು ಭೋಗದಿಂದ, ಅಂದರೆ ಫಲವನ್ನು ಅನುಭವಿಸುವುದರಿಂದ, ಮಾತ್ರ ಕ್ಷಯಿಸುತ್ತದೆಯೆಂದು ವೇದಾಂತಿಗಳು ಹೇಳುವಾಗ ಅವರ ದೃಷ್ಟಾಂತವು ಅವರು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿತ್ತು, ಏಕೆಂದರೆ ಚಕ್ರಕ್ಕೆ ಮಡಕೆಯೇ ಭೋಗ, ವೇಗವು ವ್ಯರ್ಥವಾಗಿ ಸವೆಯುವುದು ಖಾಲಿ ಚಕ್ರದಲ್ಲಿ ಮಾತ್ರ. ಕೋಲಿನದನ್ನೋ ಕಾಲಿನದನ್ನೋ ಕೊಳ್ಳಲು ಹೊರಟವರು ಮಾರುವವನು ಖಾಲಿ ಚಕ್ರವನ್ನು ತಿರುಗಿಸಿ ಬಿಟ್ಟು ತೋರಿಸುವ ಲೆಕ್ಕವನ್ನು ನೆಚ್ಚದೆ, ತಾವು ಮಾಡಬೇಕೆಂದಿರುವ ಅತಿ ದೊಡ್ಡ ಪಾತ್ರೆಗೆ ಬೇಕಾಗುವಷ್ಟು ಹದವಾದ ಜೇಡಿಮಣ್ಣನ್ನು ಜೊತೆಗೆ ಕೊಂಡೊಯ್ದು, ಒಂದು ಸಲ ತಿರುವಿದ ವೇಗದಲ್ಲಿ ಅದು ನಡುವಿಗೆ ಬಂದು ಗೋಡೆ ಏಳುವವರೆಗೆ ಚಕ್ರ ತಾಳುತ್ತದೆಯೇ ಎಂದು ಅಲ್ಲೇ ಕುಳಿತು ನೋಡಬೇಕು. ವಿದ್ಯುತ್ತಿನದಾದರೆ ಅದೇ ಮುದ್ದೆಯನ್ನು ಕಡಿಮೆ ವೇಗದಲ್ಲಿಟ್ಟು ಬಲವಾಗಿ ಒತ್ತಿ, ಮೋಟಾರು ತಡವರಿಸುತ್ತದೆಯೇ ಎಂದು ಕಿವಿಗೊಟ್ಟು ಕೇಳಬೇಕು.